ನನ್ನ ಕಿವಿಯ ವ್ಯಾಂಪೈರ್ ಕಂಡರೆ ಗಂಡನಿಗೆ ಆಗುವುದಿಲ್ಲ

ಪ್ರಶ್ನೆ: ನನಗೆ 36 ವರ್ಷ, ಮದುವೆಯಾಗಿ 9 ವರ್ಷ. ಹೋದ ವರ್ಷದಿಂದ ಒಂದು ಪ್ಯಾರಾನಾರ್ಮಲ್ ರೊಮ್ಯಾನ್ಸ್ ಸರಣಿಯನ್ನು, ಅಂದರೆ ರಕ್ತ ಹೀರುವ ವ್ಯಾಂಪೈರ್, ತೋಳಮನುಷ್ಯರೆಲ್ಲ ಬರುವ ಪ್ರೇಮಕಥೆಗಳನ್ನು, ಆಡಿಯೊಬುಕ್‌ನಲ್ಲಿ ಕೇಳುತ್ತಿದ್ದೇನೆ. ಒಟ್ಟು 12 ಪುಸ್ತಕ, ಆರು ಮುಗಿದಿವೆ. ಪಾತ್ರೆ ತೊಳೆಯುವಾಗ, ವಾಕಿಂಗ್ ಹೋದಾಗ, ರಾತ್ರಿ ಮಲಗುವಾಗ ಕಿವಿಯಲ್ಲಿ ಅದೇ. ಏನು ಕೇಳ್ತಿದ್ದೀಯ ಅಂತ ಗಂಡ ಕೇಳಿದಾಗಲೆಲ್ಲ ಆಫೀಸಿನ ಟ್ರೇನಿಂಗ್ ಅಂದಿದ್ದೆ. ಮೊನ್ನೆ ಫೋನು ಹಾಲ್‌ನ ಸ್ಪೀಕರ್‌ಗೆ ಕನೆಕ್ಟ್ ಆಗಿ, ಅತ್ತೆ ಮಾವನ ಎದುರಿಗೇ ಒಂದು ಪ್ರಣಯದ ದೃಶ್ಯ ಜೋರಾಗಿ ಕೇಳಿಸಿಬಿಟ್ಟಿತು. ಆವತ್ತಿನಿಂದ ಗಂಡ ಸರಿಯಾಗಿ ಮಾತಾಡುತ್ತಿಲ್ಲ. "ನಿನಗೆ ಆ ದನಿಯೇ ಸಾಕು, ನಾನ್ಯಾಕೆ" ಅಂತಾರೆ. ನಾನು ಮಾಡಿದ್ದು ಮೋಸವಾ? ಬಿಟ್ಟುಬಿಡಲಾ? ಎಂಟನೇ ಪುಸ್ತಕದಿಂದ ಕಥೆ ಓದಿ ಹೇಳುವವರೇ ಬೇರೆಯಂತೆ, ಅದಕ್ಕೂ ಬೇಜಾರಾಗಿದೆ. ಇದು ಅತಿಯಾಯಿತಾ?
– ಹೆಸರು ಬೇಡ

ಉತ್ತರ: ಸ್ಪೀಕರ್ ಪ್ರಸಂಗ ಓದಿ ನಕ್ಕುಬಿಟ್ಟೆ, ಬೇಜಾರು ಮಾಡ್ಕೋಬೇಡಿ. ಅತ್ತೆ ಮಾವನಿಗೆ ವಿವರಣೆ ಕೊಡಲು ಮಾತ್ರ ಹೋಗಬೇಡಿ. ಆ ವಿಷಯ ಮತ್ತೆ ಬರದಿದ್ದರೆ ಸಾಕು ಅಂತ ಅವರಿಗೂ ಇರುತ್ತದೆ. ಫೋನಿನಲ್ಲಿ ಆ ಸ್ಪೀಕರ್‌ನ ಹೆಸರು ಅಳಿಸಿಹಾಕಿ, ಅಷ್ಟು ಸಾಕು.

ಕಥೆ ಕೇಳಿದ್ದು ಮೋಸ ಅಲ್ಲ. ವ್ಯಾಂಪೈರ್ ಕಥೆಗೆ ಮನಸ್ಸು ಕೊಟ್ಟವರಲ್ಲಿ ನೀವೇನೂ ಮೊದಲಿಗರಲ್ಲ. 1819ರಲ್ಲಿ ಪ್ರಕಟವಾದ, ಇಂಗ್ಲಿಷ್ ಲೇಖಕ ಜಾನ್ ಪಾಲಿಡೋರಿಯ ಕಥೆಯಲ್ಲೇ ವ್ಯಾಂಪೈರ್ ಎಲ್ಲರ ಕಣ್ಣು ಸೆಳೆಯುವ ಶ್ರೀಮಂತ. ಆಗ ಹುಡುಗಿಯರನ್ನು ಮರುಳು ಮಾಡಿ ಕೊಲ್ಲುತ್ತಿದ್ದ, ಈಗಿನ ಸರಣಿಗಳಲ್ಲಿ ಪ್ರೀತಿಸುತ್ತಾನೆ. ರೊಮ್ಯಾನ್ಸ್ ಅಂದ ಮೇಲೆ ಮಧ್ಯದಲ್ಲಿ ಏನೇ ಕೋಲಾಹಲವಾದರೂ ಜೋಡಿ ಕೊನೆಗೆ ಒಂದಾಗಲೇಬೇಕು, ಆ ಖಾತ್ರಿ ಇದೆ ಅಂತಲೇ ಇಡೀ ದಿನ ದುಡಿದು ಸುಸ್ತಾದ ತಲೆಗೆ ಅದು ಹಿತ. ಇದರಲ್ಲಿ ನಾಚಿಕೆಪಡುವಂಥದ್ದು ನನಗೇನೂ ಕಾಣಿಸುತ್ತಿಲ್ಲ.

ಆದರೆ ಟ್ರೇನಿಂಗ್ ಅಂದಿರಲ್ಲ, ಅದು ಸುಳ್ಳು. ಗಂಡನನ್ನು ಕುಟುಕುತ್ತಿರುವುದು ಇದೇ ಅಂತ ನನಗೆ ಅನಿಸುತ್ತದೆ. ಅವರ ಕಡೆಯಿಂದ ನೋಡಿ. ಒಂದು ವರ್ಷದಿಂದ ಹೆಂಡತಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಓಡಾಡುತ್ತಾಳೆ, ನಡುವೆ ತನ್ನಷ್ಟಕ್ಕೆ ನಗುತ್ತಾಳೆ, ಕೇಳಿದರೆ ಆಫೀಸಿನ ಕೆಲಸ ಅನ್ನುತ್ತಾಳೆ, ಆಮೇಲೆ ಒಂದು ದಿನ ಅಪ್ಪ ಅಮ್ಮನ ಎದುರು ಅದರಿಂದ ಇನ್ಯಾರೋ ಗಂಡಸಿನ ಪಿಸುಮಾತು ಹೊರಬೀಳುತ್ತದೆ. ನೀವು ನಾಚಿಕೆಗೆ ಮುಚ್ಚಿಟ್ಟಿರಿ. ಅವರು ಅದನ್ನು ಕಳ್ಳತನ ಅಂದುಕೊಂಡರು. ಮೊದಲ ದಿನವೇ "ಒಂದು ವ್ಯಾಂಪೈರ್ ಲವ್ ಸ್ಟೋರಿ ಕೇಳ್ತಿದ್ದೀನಿ, ಸಖತ್ತಾಗಿದೆ" ಅಂದಿದ್ದರೆ ಅವರು ಎರಡು ದಿನ ರೇಗಿಸಿ ಸುಮ್ಮನಾಗುತ್ತಿದ್ದರು, ಅಲ್ವಾ?

ಇನ್ನೊಂದು ಲೆಕ್ಕ ಹಾಕಿ. ಆಡಿಯೊಬುಕ್ ಓದುವವರು ಗಂಟೆಗೆ ಸುಮಾರು 9,000 ಪದ ಓದುತ್ತಾರೆ. ಲಕ್ಷ ಪದದ ಕಾದಂಬರಿಗೆ 11 ಗಂಟೆ. ನಿಮ್ಮ ಆರು ಪುಸ್ತಕಗಳೂ ಅಷ್ಟಷ್ಟೇ ದಪ್ಪ ಅಂದರೂ 60 ಗಂಟೆ ದಾಟಿತು. ವಾಕಿಂಗ್ ಸಮಯ ನಿಮ್ಮದೇ, ಪಾತ್ರೆ ತೊಳೆಯುವಾಗಲೂ ಕೇಳಿ. ಮಲಗುವ ಹೊತ್ತು ಮಾತ್ರ ಬೇರೆ. ಕೈಯಲ್ಲಿ ಪುಸ್ತಕ ಇದ್ದಾಗ ಪಕ್ಕದವರು ಏನಾದರೂ ಅಂದರೆ ತಲೆಯೆತ್ತಿ ಹ್ಞೂಂ ಅನ್ನಬಹುದು. ಎರಡೂ ಕಿವಿ ಮುಚ್ಚಿ ಮಲಗಿದವರನ್ನು ತಟ್ಟಿ ಕರೆಯಬೇಕು, ಅವರು ಪಾಜ್ ಒತ್ತಿ "ಏನು?" ಅನ್ನುವಷ್ಟರಲ್ಲಿ ಹೇಳಬೇಕಾದ ಸಣ್ಣ ಮಾತು ಬೇಡವೇ ಅನಿಸಿಬಿಡುತ್ತದೆ. ನಿಮ್ಮ ಗಂಡನಿಗೆ ಹೊಟ್ಟೆಕಿಚ್ಚು ಇರುವುದು ದನಿಯ ಮೇಲಲ್ಲ, ಆ ಹೊತ್ತಿನ ಮೇಲೆ.

ದನಿಯ ಬಗ್ಗೆ ಅವರಿಗೆ ಇನ್ನೂ ಕಸಿವಿಸಿ ಇದ್ದರೆ ಆಡಿಯೊಬುಕ್ ಹೇಗೆ ಮಾಡುತ್ತಾರೆ ಅಂತ ಹೇಳಿ. ಒಬ್ಬ ಮನುಷ್ಯ ಪುಟ್ಟ ಬೂತ್‌ನಲ್ಲಿ ಒಬ್ಬನೇ ಕೂತು ಮೈಕಿಗೆ ಓದುತ್ತಾನೆ. ಹೊಟ್ಟೆ ಗುರ್ ಅಂದರೂ ಮೈಕಿಗೆ ಕೇಳುತ್ತದೆ, ಆ ಸಾಲನ್ನು ಮತ್ತೆ ಓದಬೇಕು. ಒಬ್ಬರೇ ಓದುವ ಪುಸ್ತಕದಲ್ಲಾದರೆ ನಿಮ್ಮ ಎದೆ ಝಲ್ಲೆನ್ನಿಸಿದ ನಾಯಕನ ಗಂಟಲಿನಿಂದಲೇ ನಾಯಕಿಯ ಅಜ್ಜಿಯೂ, ಖಳನೂ, ತೋಳಮನುಷ್ಯರ ಇಡೀ ಗುಂಪೂ ಮಾತಾಡುತ್ತವೆ. ಗಂಡು ಹೆಣ್ಣು ಇಬ್ಬರ ದನಿ ಇರುವ ಪುಸ್ತಕಗಳಲ್ಲೂ ಎಷ್ಟೋ ಸಲ ಅವರಿಬ್ಬರು ಬೇರೆ ಬೇರೆ ಸ್ಟುಡಿಯೊದಲ್ಲಿ ಓದಿರುತ್ತಾರೆ, ಆಮೇಲೆ ಜೋಡಿಸುತ್ತಾರೆ. ನಿಮ್ಮ ಗಂಡ ಪೈಪೋಟಿ ಅಂದುಕೊಂಡಿರುವ ವ್ಯಕ್ತಿ ಈಗ ಯಾವುದೋ ಕೊಲೆ ತನಿಖೆಯ ಕಾದಂಬರಿ ಓದುತ್ತಾ ನೀರು ಕುಡಿಯುತ್ತಿರಬಹುದು.

ಒಂದು ಪ್ರಶ್ನೆ ನಿಮಗೂ ಇದೆ. ಈ ನಾಯಕನಲ್ಲಿ ನಿಮ್ಮನ್ನು ಹಿಡಿದಿಟ್ಟಿರುವುದು ಯಾವುದು? ನಾಯಕಿಯ ಉಸಿರು ಬದಲಾದರೂ ಅವನಿಗೆ ತಿಳಿಯುತ್ತದೆ, ಅವಳು ಎಂದೋ ಹೇಳಿದ ಮಾತು ನೂರು ವರ್ಷವಾದರೂ ನೆನಪಿರುತ್ತದೆ. ಅವಳನ್ನು ಹಿಂಬಾಲಿಸುವುದು, ಮಲಗಿದ್ದಾಗ ನಿಂತು ನೋಡುವುದು, "ನೀನು ನನ್ನವಳು ಅಂತ ವಿಧಿ ಬರೆದಿದೆ" ಅನ್ನುವುದೆಲ್ಲ ನಿಜವಾಗಿ ನಡೆದರೆ ನೀವು ಪೊಲೀಸರನ್ನು ಕರೀತೀರಿ, ಅದು ನಿಮಗೂ ಗೊತ್ತು. ಆದರೆ ಗಮನಿಸುವುದು? ಅದು ನಿಮಗೆ ಬೇಕಾಗಿದ್ದರೆ ಗಂಡನಿಗೆ ಬಾಯಿಬಿಟ್ಟು ಹೇಳಿ. ಅವರಿಗೆ ದೂರದಿಂದ ಎದೆಬಡಿತ ಕೇಳಿಸುವ ಶಕ್ತಿ ಇಲ್ಲ. ಒಂಬತ್ತು ವರ್ಷದಲ್ಲಿ ಅವರಿಗೂ ಯಾರೂ ಗಮನಿಸುತ್ತಿಲ್ಲ ಅಂತ ಅನಿಸಿರಬಹುದು, ಅದನ್ನೂ ಕೇಳಿಸಿಕೊಳ್ಳಿ.

ಬಿಡಬೇಡಿ. ಬಿಟ್ಟರೆ ತಪ್ಪು ಮಾಡಿದ್ದೆ ಅಂತ ಒಪ್ಪಿಕೊಂಡ ಹಾಗೆ, ಜೊತೆಗೆ ಉಳಿದ ಪುಸ್ತಕಗಳ ಸಿಟ್ಟು ಅವರ ಮೇಲೆ ತಿರುಗುತ್ತದೆ. ಸುಳ್ಳು ಹೇಳಿದ್ದಕ್ಕೆ ಮಾತ್ರ ಕ್ಷಮೆ ಕೇಳಿ, ಕಥೆ ಕೇಳಿದ್ದಕ್ಕೆ ಬೇಡ. ಮಲಗುವ ಕೋಣೆಗೆ ಇಯರ್‌ಫೋನ್ ತರಬೇಡಿ. ನಿದ್ದೆಗೆ ಅದು ಬೇಕೇಬೇಕು ಅಂತಿದ್ದರೆ ಅವರು ನಿದ್ದೆ ಹೋದ ಮೇಲೆ ಒಂದೇ ಕಿವಿಗೆ, ತಾನಾಗಿ ನಿಲ್ಲುವ ಹಾಗೆ ಸ್ಲೀಪ್ ಟೈಮರ್ ಇಟ್ಟು. ಬೇಕಾದರೆ ಒಂದು ದಿನ ಅವರಿಗೂ ಕೇಳಿಸಿ, ಆದರೆ ಮೊದಲ ಪುಸ್ತಕದ ಮೊದಲ ಅಧ್ಯಾಯದಿಂದ. ದಯವಿಟ್ಟು ಆ ಸ್ಪೀಕರ್ ದೃಶ್ಯದಿಂದ ಬೇಡ. ಅವರು ಹತ್ತು ನಿಮಿಷಕ್ಕೇ ಆಕಳಿಸಿದರೆ ಬಿಟ್ಟುಬಿಡಿ, ಎಲ್ಲ ಇಷ್ಟವನ್ನೂ ಇಬ್ಬರೂ ಹಂಚಿಕೊಳ್ಳಬೇಕು ಅಂತೇನಿಲ್ಲ.

ಓದುವವರು ಬದಲಾಗಿದ್ದಕ್ಕೆ ಬೇಜಾರಾಗುವುದು ಅತಿ ಏನಲ್ಲ. ಉದ್ದದ ಸರಣಿಗಳಲ್ಲಿ ಇದು ಆಗುತ್ತಿರುತ್ತದೆ, ಕೇಳುಗರು ಗೊಣಗುತ್ತಲೇ ಇರುತ್ತಾರೆ. ಎಂಟನೆಯದನ್ನು ಕೊಳ್ಳುವ ಮೊದಲು ಸ್ಯಾಂಪಲ್ ಕೇಳಿ, ಹೊಸ ದನಿಗೆ ಎರಡು ಮೂರು ಅಧ್ಯಾಯದ ಅವಕಾಶ ಕೊಡಿ. ಹಿಡಿಸದಿದ್ದರೆ ಆ ಪುಸ್ತಕ ತಂದು ಕಣ್ಣಲ್ಲೇ ಓದಿ, ಹಳೆಯ ದನಿ ಹೇಗೂ ನಿಮ್ಮ ತಲೆಯಲ್ಲಿದೆ.