ಕಂಬಿಗೂ ತೊಡೆಗೂ ನಡುವಿನ ಖಾಲಿ ಜಾಗ

(ಗುರುತು ಸಿಗದಂತೆ ಹೆಸರು, ಊರು, ಕೆಲಸದ ವಿವರಗಳನ್ನು ಬದಲಿಸಿದ್ದೇನೆ.)

ಜುಲೈ ಕೊನೆಯ ವಾರ ಒಂದು ಸಂಜೆ ಅಪ್ಪ, ಅಮ್ಮ, ಅಜ್ಜಿ ಮೂವರೂ ನನ್ನ ಹತ್ತಿರ ಆಪ್ತಸಲಹೆಗೆ ಬಂದರು. ಅಜ್ಜಿಯ ಸೆರಗು ಹಿಡಿದು ನಿಂತಿದ್ದವಳು ಆರು ವರ್ಷದ ಹುಡುಗಿ, ಒಂದನೇ ಕ್ಲಾಸು. ಚಿನ್ನು ಅನ್ನೋಣ. ಕುರ್ಚಿಯಲ್ಲಿ ಕೂರುವ ಮೊದಲೇ ಅಪ್ಪ ಇಡೀ ಕೇಸನ್ನು ಒಂದೇ ಉಸಿರಿಗೆ ಮುಗಿಸಿಬಿಟ್ಟರು: "ಮೇಡಂ, ಇವಳು ಪುಕ್ಕಲಿ. ಸ್ವಲ್ಪ ಧೈರ್ಯ ಹೇಳಿ ಸಾಕು."

ಅಜ್ಜಿ ಹಾವೇರಿ ಕಡೆಯವರು. ಸುಮ್ಮನಿರಲಿಲ್ಲ. "ಪುಕ್ಕಲಿ ಅಲ್ರೀ, ಕೂಸು ಬೆದರೇತಿ." ಈ ಎರಡು ಮಾತಿನ ನಡುವಿನ ಅಂತರ ಎಷ್ಟು ದೊಡ್ಡದು ಅನ್ನುವುದು ಅಪ್ಪನಿಗೆ ಅರ್ಥವಾಗಲು ಮೂರು ಭೇಟಿ ಬೇಕಾದವು.

ನಡೆದದ್ದು ಇಷ್ಟು. ಜೂನ್ ಮೊದಲ ವಾರ ಅಪ್ಪನ ಫ್ಯಾಕ್ಟರಿಯವರು ಎಲ್ಲ ಕುಟುಂಬಗಳನ್ನೂ ಬಸ್ಸಿನಲ್ಲಿ ಒಂದು ಅಮ್ಯೂಸ್‌ಮೆಂಟ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದರು. ಬೆಳಗ್ಗೆಯೆಲ್ಲ ನೀರಾಟ, ಚಿನ್ನು ಖುಷಿಯಾಗೇ ಇದ್ದಳು. ಮಧ್ಯಾಹ್ನ ಊಟ ಆದಮೇಲೆ ತೂಗುವ ಹಡಗಿನ ಕಡೆ ಹೊರಟರು. ಜಾತ್ರೆಗಳಲ್ಲಿ 'ಕೊಲಂಬಸ್' ಅಂತೀವಲ್ಲ, ಅದರ ದೊಡ್ಡಣ್ಣ. ಚಿನ್ನು ಮೂರು ಸಲ ಬೇಡ ಅಂದಳು. ಹಿಂದೆ ಅಪ್ಪನ ಸಹೋದ್ಯೋಗಿಗಳು, ಅವರ ಮಕ್ಕಳು ಸಾಲಾಗಿ ನಿಂತಿದ್ದರು. ಯಾರೋ "ಏನ್ ಸಾರ್, ನಿಮ್ ಮಗಳು ಹಿಂಗೆ?" ಅಂದರಂತೆ. ಎತ್ತರ ಅಳೆಯುವ ಪಟ್ಟಿಯ ಪಕ್ಕ ಅಪ್ಪ "ನೆಟ್ಟಗೆ ನಿಂತ್ಕೋ" ಅಂದರು. ಶೂ ಹಾಕಿದ್ದರಿಂದ ಹೇಗೋ ಗೆರೆ ಮುಟ್ಟಿದಳು. "ಏನೂ ಆಗಲ್ಲ, ನಾನು ನಿನ್ನ ಹಿಡ್ಕೊಂಡಿರ್ತೀನಿ" ಎಂದು ಹತ್ತಿಸಿದರು.

ಇಳಿದಾಗ ಅವಳು ಅಳುತ್ತಿರಲಿಲ್ಲ. ಅದನ್ನೇ ಎಲ್ಲರೂ 'ಸರಿಹೋಯ್ತು' ಅಂದುಕೊಂಡರು. ರಾತ್ರಿ ಎರಡು ಗಂಟೆಗೆ ಕಿರುಚಿ ಎದ್ದಳು. ಆಮೇಲೆ ಲಿಫ್ಟ್ ಬೇಡ, ಎಸ್ಕಲೇಟರ್ ಬೇಡ, ಒಬ್ಬಳೇ ಮಲಗುವುದಂತೂ ಬೇಡವೇ ಬೇಡ. ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಅಪ್ಪ ಇದನ್ನು ಸ್ವಲ್ಪ ನಾಚಿಕೆಯಿಂದಲೇ ಹೇಳಿದರು, ನಾನು ಬೈಯಬಹುದು ಎಂಬಂತೆ. ನಾನೇಕೆ ಬೈಯಲಿ? ಮನೆಯಲ್ಲಿ ಮಗುವಿನ ಹೆದರಿಕೆಯನ್ನು ನಿಜ ಎಂದು ನಂಬಿ, ಎದುರು ಕೂರಿಸಿಕೊಂಡು, ಮೈಮುಟ್ಟಿ ಏನಾದರೂ ಮಾಡಿದ್ದು ಅವರೊಬ್ಬರೇ.

ಅಮ್ಮ ಹೇಳಿದ ಒಂದು ವಿಷಯ ಮಾತ್ರ ನನ್ನ ಕಿವಿಯಲ್ಲಿ ಉಳಿಯಿತು. ಅಮ್ಮನ ಸ್ಕೂಟಿಯಲ್ಲಿ ಹೋಗುತ್ತಾಳೆ, ಅಪ್ಪನ ಬೈಕ್ ಹತ್ತುವುದಿಲ್ಲ. ಎತ್ತರದ ಭಯ, ವೇಗದ ಭಯ ಎಂದೆಲ್ಲ ನಾನು ಮನಸ್ಸಿನಲ್ಲೇ ಬರೆದುಕೊಂಡಿದ್ದ ಪಟ್ಟಿಗೆ ಇದು ಹೊಂದಲಿಲ್ಲ.

ಎರಡನೇ ಭೇಟಿಯಲ್ಲಿ ಬಿಳಿ ಹಾಳೆ, ಕ್ರೇಯಾನ್ ಕೊಟ್ಟೆ. ಆರು ವರ್ಷದ ಮಗುವಿಗೆ 'ಯಾಕೆ ಹೆದರಿಕೆ ಆಯ್ತು' ಎಂದು ಕೇಳಿದರೆ 'ಗೊತ್ತಿಲ್ಲ' ಅನ್ನುತ್ತದೆ. 'ಎಲ್ಲಿ ಕೂತಿದ್ದೆ, ಕಾಲು ಎಲ್ಲಿತ್ತು, ಪಕ್ಕದಲ್ಲಿ ಯಾರಿದ್ದರು' ಎಂದು ಕೇಳಿದರೆ ಉತ್ತರ ಇರುತ್ತದೆ. ಚಿನ್ನು ಹಡಗು ಬರೆದಳು, ಬಾಳೆಹಣ್ಣಿನ ಹಾಗೆ. ಅದರ ತುದಿಯಲ್ಲಿ ದೊಡ್ಡ ಹೊಟ್ಟೆಯ ಅಪ್ಪ, ಪಕ್ಕದಲ್ಲಿ ಎರಡು ಜಡೆಯ ಹುಡುಗಿ. ಇಬ್ಬರ ಮೇಲೂ ಹಾದುಹೋಗುವ ಒಂದೇ ಕಪ್ಪು ಗೆರೆ, ಅದು ಕಂಬಿ. ಗೆರೆ ಅಪ್ಪನ ಹೊಟ್ಟೆಗೆ ಅಂಟಿತ್ತು. ಹುಡುಗಿಯ ಕಾಲಿಗೂ ಗೆರೆಗೂ ನಡುವೆ ಜಾಗ ಬಿಟ್ಟು, ಆ ಜಾಗಕ್ಕೆ ಹಳದಿ ಬಣ್ಣ ಒತ್ತಿ ಒತ್ತಿ ತುಂಬಿದಳು, ಕ್ರೇಯಾನ್ ಮುರಿಯುವಷ್ಟು.

"ಇದೇನು?"

"ಇದು ಖಾಲಿ."

"ಆಮೇಲೆ?"

"ಮೇಲಿಂದ ಕೆಳಗೆ ಬರುವಾಗ ನಾನು ಎದ್ದುಬಿಟ್ಟೆ. ಅಪ್ಪ ಕೈ ಬಿಟ್ಟ."

ಅಪ್ಪನನ್ನು ಒಳಗೆ ಕರೆದು ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದರು. ಹಡಗು ಮೊದಲ ಸಲ ಜೋರಾಗಿ ಏರಿದಾಗ ತಾವೇ ಬೆಚ್ಚಿ ಎರಡೂ ಕೈಯಲ್ಲಿ ಕಂಬಿ ಹಿಡಿದದ್ದು ಆಗ ನೆನಪಾಯಿತು. ಯಾರೇ ಆದರೂ ಅದನ್ನೇ ಮಾಡುತ್ತಾರೆ, ಕೈ ತಾನಾಗಿ ಹೋಗುತ್ತದೆ. ಆದರೆ ಮಗಳಿಗೆ ಕೊಟ್ಟಿದ್ದ ಭರವಸೆ ಬೇರೆ ಇತ್ತು.

ಹಾಗಾಗಿ ಪೋಷಕರು ಇಲ್ಲಿ ಸ್ವಲ್ಪ ನಿಲ್ಲಬೇಕು. ಇಬ್ಬರಿಗೂ ಒಂದೇ ಕಂಬಿ ಇರುವ ಸೀಟಿನಲ್ಲಿ ಅದು ದಪ್ಪಗಿರುವವರ ಮೈಗೆ ತಾಗಿ ನಿಲ್ಲುತ್ತದೆ. ಪಕ್ಕದ ಮಗುವಿನ ತೊಡೆಯ ಮೇಲೆ ಒಂದು ಗೇಣು ಜಾಗ ಉಳಿಯುತ್ತದೆ. ಹಡಗು ಮೇಲಿಂದ ಇಳಿಯುವ ಕ್ಷಣದಲ್ಲಿ ಮೈ ಹಗುರಾಗಿ, ಆ ಜಾಗದಷ್ಟು ಮಗು ಸೀಟಿನಿಂದ ಮೇಲೇಳುತ್ತದೆ. ಹೊಟ್ಟೆಯಲ್ಲಿ 'ಝುಂ' ಅನ್ನುವುದೂ ಅದೇ ಕಾರಣಕ್ಕೆ: ಕೆಳಗಿನಿಂದ ನಮ್ಮನ್ನು ಹೊತ್ತಿದ್ದ ಸೀಟಿನ ಒತ್ತಡ ತಪ್ಪಿದಾಗ ಒಳಗಿನ ಅಂಗಗಳ ಭಾರವೂ ತಪ್ಪಿದಂತಾಗುತ್ತದೆ. ದೊಡ್ಡವರಿಗೆ ಅದು ಮಜಾ. ಏನಾಗುತ್ತಿದೆ ಎಂದು ಗೊತ್ತಿಲ್ಲದ ಮಗುವಿಗೆ ಅದು ಬೀಳುವುದೇ. ಸಾಲದ್ದಕ್ಕೆ ಇವರು ಕೂತದ್ದು ಹಡಗಿನ ತುದಿಯಲ್ಲಿ. ತುದಿಯ ಸಾಲು ಎಲ್ಲಕ್ಕಿಂತ ಮೇಲೆ ಹೋಗುತ್ತದೆ, ನಡುವಿನ ಸಾಲಿನಲ್ಲಿ ಅರ್ಧ ಗಲಾಟೆಯೂ ಇರುವುದಿಲ್ಲ. ಎತ್ತರದ ಪಟ್ಟಿಯನ್ನೂ ನಾವು ಪರೀಕ್ಷೆಯಂತೆ ನೋಡುತ್ತೇವೆ, ಬೆರಳ ಮೇಲೆ ನಿಲ್ಲಿಸಿಯಾದರೂ ಪಾಸು ಮಾಡಿಸುತ್ತೇವೆ. ಆ ಸೀಟು, ಆ ಕಂಬಿ ಯಾವ ಅಳತೆಯ ಮೈಗೆ ಹೊಂದುತ್ತದೆ ಎಂಬ ಲೆಕ್ಕ ಅದು. ಮಗುವಿನ ಧೈರ್ಯವನ್ನು ಅದು ಅಳೆಯುವುದಿಲ್ಲ.

ಅಂದರೆ ಚಿನ್ನು ಕಲ್ಪಿಸಿಕೊಂಡು ಹೆದರಿರಲಿಲ್ಲ. ಆ ಸೀಟಿನಲ್ಲಿದ್ದ ಇಬ್ಬರಲ್ಲಿ ಸರಿಯಾಗಿ ಗಮನಿಸಿದ್ದು ಅವಳೊಬ್ಬಳೇ. ಅಂಥವಳನ್ನು ಎರಡು ತಿಂಗಳು ಪುಕ್ಕಲಿ ಎಂದು ಕರೆದದ್ದಾಗಿತ್ತು.

ನನ್ನ ಮೊದಲ ಸಲಹೆ ಅಪ್ಪನಿಗೆ ಹಿಡಿಸಲಿಲ್ಲ. ಮಗಳ ಹತ್ತಿರ ತಪ್ಪಾಯಿತು ಎನ್ನಿ ಅಂದೆ. "ಇಷ್ಟು ಚಿಕ್ಕ ಮಗು ಹತ್ರಾನಾ? ಆಮೇಲೆ ತಲೆ ಮೇಲೆ ಕೂರ್ತಾಳೆ." ಸುಮ್ಮನೆ ಸಾರಿ ಅಂದರೆ ಆಗುವುದಿಲ್ಲ, ಯಾವುದಕ್ಕೆ ಎಂದೂ ಹೇಳಬೇಕು ಎಂದು ಸೇರಿಸಿದೆ: 'ನೀನು ಬೇಡ ಅಂದೆ, ನಾನು ಕೇಳಲಿಲ್ಲ. ಹಿಡ್ಕೊಂಡಿರ್ತೀನಿ ಅಂದೆ, ಕೈ ಬಿಟ್ಟೆ. ನನಗೂ ಹೆದರಿಕೆ ಆಗಿತ್ತು.' ಒಂದು ವಾರ ಹಾಗೇ ಕಳೆಯಿತು. ಮುಂದಿನ ಭೇಟಿಗೆ ಬಂದಾಗ ಅಮ್ಮ ಹೇಳಿದರು, ಒಂದು ರಾತ್ರಿ ಊಟ ಬಡಿಸುವಾಗ ಅಪ್ಪ ಹೇಳಿದರಂತೆ, ತಟ್ಟೆ ನೋಡಿಕೊಂಡೇ. ಚಿನ್ನು ಅನ್ನ ಕಲಸುತ್ತ "ನಂಗೊತ್ತು, ನೀನೂ ಕಿರುಚಿದೆ" ಅಂದಳಂತೆ.

ಎರಡನೆಯದು 'ಏನೂ ಆಗಲ್ಲ' ಎಂಬ ಮಾತನ್ನು ಮನೆಯಿಂದ ಹೊರಗೆ ಹಾಕುವುದು. ಏನೋ ಒಂದು ಆಗೇ ಆಗುತ್ತದಲ್ಲ! ಏನಾಗುತ್ತದೋ ಅದನ್ನು ಮೊದಲೇ ಹೇಳಿ. ಲಿಫ್ಟ್ ಮೇಲಕ್ಕೆ ಹೊರಟಾಗ ಕಾಲಿಗೆ ಸ್ವಲ್ಪ ಭಾರ ಅನಿಸುತ್ತೆ, ನಿಲ್ಲುವಾಗ ಹೊಟ್ಟೆಯಲ್ಲಿ ಕಚಗುಳಿ, ಇಪ್ಪತ್ತು ಎಣಿಸುವಷ್ಟರಲ್ಲಿ ಬಾಗಿಲು ತೆರೆಯುತ್ತೆ. ಮಗು ಎಣಿಸಲಿ. ಹೇಳಿದ ಹಾಗೇ ಆಯಿತು ಎಂಬುದು ಹತ್ತು ಸಲ ಆದಮೇಲೆ ಹನ್ನೊಂದನೇ ಸಲಕ್ಕೆ ನಿಮ್ಮ ಮಾತಿಗೆ ಬೆಲೆ ಬರುತ್ತದೆ.

ಅಮ್ಮನಿಗೆ ಬೇರೆ ಸಲಹೆ. ಅವರು ಹಡಗಿನ ಕೆಳಗೆ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದರು, ಮುಖ ಬಿಳಿಚಿತ್ತು ಎಂದು ಅವರೇ ಒಪ್ಪಿಕೊಂಡರು. ಅಮೆರಿಕದಲ್ಲಿ ನಡೆದು 1985ರಲ್ಲಿ ಪ್ರಕಟವಾದ ಒಂದು ಪ್ರಯೋಗ ನೆನಪಾಗುತ್ತದೆ. ಒಂದು ವರ್ಷದ ಕೂಸುಗಳನ್ನು ಗಾಜಿನ ಮೇಜಿನ ಮೇಲೆ ಬಿಟ್ಟರು. ಗಾಜಿನ ಕೆಳಗೆ ನೆಲ ಒಂದು ಕಡೆ ತಗ್ಗಾದಂತೆ ಕಾಣುತ್ತಿತ್ತು. ಆಚೆ ಬದಿಯಲ್ಲಿ ಅಮ್ಮ. ಅಮ್ಮ ನಗುಮುಖದಲ್ಲಿದ್ದಾಗ 19 ಕೂಸುಗಳಲ್ಲಿ 14 ದಾಟಿ ಹೋದವು. ಹೆದರಿದ ಮುಖ ಮಾಡಿದಾಗ 17ರಲ್ಲಿ ಒಂದೂ ದಾಟಲಿಲ್ಲ. ಮಕ್ಕಳು ಮಾತಿಗಿಂತ ಮೊದಲು ಓದುವುದು ಮುಖವನ್ನು. ನಿಮಗೇ ಜೀವ ಝಲ್ ಅನ್ನುವ ಆಟಕ್ಕೆ ಮಗುವನ್ನು 'ಹೋಗು ಕಂದ' ಎಂದು ಕಳಿಸಬೇಡಿ.

ಮೂರನೆಯದು ಮೆಟ್ಟಿಲು. ಇದು ಹೊಸದೇನೂ ಅಲ್ಲ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮನೋವಿಜ್ಞಾನಿ ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನ ಪ್ರಕರಣ ಬರೆದರು. ಅವನು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ದೂರದಲ್ಲಿಟ್ಟು, ದಿನದಿನಕ್ಕೆ ಹತ್ತಿರ ತಂದರು. ಹೆದರದ ಮಕ್ಕಳು ಮೊಲದ ಜೊತೆ ಆಡುವುದನ್ನೂ ತೋರಿಸಿದರು. ನೂರು ವರ್ಷ ಕಳೆದರೂ ನಾವು ಮಾಡುವುದು ಬಹುಪಾಲು ಅದನ್ನೇ. ಪೂರ್ತಿ ತಪ್ಪಿಸಿಕೊಂಡರೆ ಹೆದರಿಕೆ ಬೆಳೆಯುತ್ತದೆ, ಎತ್ತಿ ಒಳಗೆ ಎಸೆದರೂ ಬೆಳೆಯುತ್ತದೆ. ನಡುವೆ ಚಿಕ್ಕ ಚಿಕ್ಕ ಮೆಟ್ಟಿಲು ಬೇಕು, ಯಾವಾಗ ಹತ್ತಬೇಕು ಎಂದು ಹೇಳುವವರು ಮಗುವೇ ಆಗಿರಬೇಕು.

ಚಿನ್ನುವಿನ ಮೆಟ್ಟಿಲುಗಳನ್ನು ನಾನು ಹಾಳೆಯಲ್ಲಿ ಬರೆದುಕೊಟ್ಟಿದ್ದೆ: ಬಡಾವಣೆಯ ಪಾರ್ಕಿನ ಉಯ್ಯಾಲೆ, ಲಿಫ್ಟಿನಲ್ಲಿ ಒಂದು ಮಹಡಿ, ಹೀಗೆ. ಅಜ್ಜಿ ಅದನ್ನು ಪಕ್ಕಕ್ಕಿಟ್ಟು ಮೊಮ್ಮಗಳನ್ನು ನಾಗರಪಂಚಮಿಗೆ ಊರಿಗೆ ಕರೆದುಕೊಂಡು ಹೋದರು. ಹುಣಸೆ ಮರಕ್ಕೆ ಹಗ್ಗದ ಜೋಕಾಲಿ ಕಟ್ಟಿದ್ದರು. ಮೊದಲ ದಿನ ಚಿನ್ನು ಶೇಂಗಾ ಉಂಡಿ ತಿನ್ನುತ್ತ ಕಟ್ಟೆಯ ಮೇಲೆ ಕೂತು ನೋಡಿದಳು. ಎರಡನೇ ದಿನ ಅಜ್ಜಿಯ ತೊಡೆಯ ಮೇಲೆ, ಅಜ್ಜಿಯ ಎರಡೂ ಕಾಲು ನೆಲದ ಮೇಲೆ. ಸಂಜೆ ಹೊತ್ತಿಗೆ ಒಬ್ಬಳೇ ಕೂತು "ಮೆಲ್ಲಕ, ಮೆಲ್ಲಕ" ಎಂದು ಅಕ್ಕಪಕ್ಕದ ಹುಡುಗಿಯರಿಗೆ ಆಜ್ಞೆ ಮಾಡುತ್ತಿದ್ದಳಂತೆ. ಪೀಟರನ ತಿಂಡಿ, ಹೆದರದ ಮಕ್ಕಳು, ದೂರದಿಂದ ಹತ್ತಿರ, ಎಲ್ಲವೂ ಆ ಮರದ ಕೆಳಗಿತ್ತು. ನನ್ನ ಹಾಳೆಯನ್ನು ಯಾರೂ ಮತ್ತೆ ಕೇಳಲಿಲ್ಲ.

ಆಗಸ್ಟ್ ಮುಗಿಯುವಷ್ಟರಲ್ಲಿ ನಿದ್ದೆ ಸರಿಹೋಯಿತು, ಅಪ್ಪನ ಬೈಕ್ ಕೂಡ ಹತ್ತಿದಳು. ಇಲ್ಲದಿದ್ದರೆ ದಾರಿ ಬೇರೆಯಾಗುತ್ತಿತ್ತು. ಹೆದರಿಕೆ ಆರು ತಿಂಗಳಾದರೂ ಇಳಿಯದೆ, ನಿದ್ದೆ, ಶಾಲೆ, ಊಟಕ್ಕೆ ಅಡ್ಡ ಬರುತ್ತಿದ್ದರೆ ಅದನ್ನು ಫೋಬಿಯಾ ಎಂದು ಪರಿಗಣಿಸಿ ಮಕ್ಕಳ ಮನೋವೈದ್ಯರಿಗೆ ತೋರಿಸಬೇಕು. ಮಗು ತೀರಾ ಕುಗ್ಗಿದ್ದರೆ ಅಷ್ಟು ದಿನ ಕಾಯುವುದೂ ಬೇಡ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ವಿಭಾಗವಿದೆ.

ಪಾರ್ಕಿಗೆ ಹೊರಡುವವರಿಗೆ ನಾನು ಹೇಳುವುದು ಸ್ವಲ್ಪವೇ. ಹೊಟ್ಟೆ ತುಂಬಾ ತಿನ್ನಿಸಿ ತಿರುಗುವ ಆಟಕ್ಕೆ ಹತ್ತಿಸಬೇಡಿ, ವಾಂತಿಯನ್ನೂ ಮಗು ಹೆದರಿಕೆಯ ಲೆಕ್ಕಕ್ಕೇ ಸೇರಿಸಿಕೊಳ್ಳುತ್ತದೆ. ಆಟ ಒಂದು ಸುತ್ತು ಪೂರ್ತಿ ಮುಗಿಯುವುದನ್ನು ಹೊರಗೆ ನಿಂತು ನೋಡಿ. ಇಳಿದು ಬರುವವರ ಮುಖ ಮಗುವಿಗೆ ಕಾಣಲಿ. ಸಾಲಿನ ಕೊನೆಯಲ್ಲಿ, ಸೀಟಿನ ಎದುರಲ್ಲಿ, ಕಂಬಿ ಇಳಿಯುವ ಮುಂಚೆ ಯಾವ ಕ್ಷಣದಲ್ಲೂ ಮಗು ಬೇಡ ಅಂದರೆ ಹೊರಗೆ ಬನ್ನಿ. ಒಂದು ಗಂಟೆ ಸಾಲಲ್ಲಿ ನಿಂತದ್ದು ವ್ಯರ್ಥವಾಯಿತು ಎಂಬ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಟಿಕೆಟ್ ದುಡ್ಡಿನದ್ದೂ. ಆದರೂ ಬನ್ನಿ. ಕತ್ತಲ ಗುಹೆ, ದೆವ್ವದ ಮನೆಗಳನ್ನು ಈ ವಯಸ್ಸಿಗೆ ನಾನು ಬೇಡವೆಂದೇ ಹೇಳುತ್ತೇನೆ. ಮುಖವಾಡದೊಳಗೆ ಮನುಷ್ಯನಿದ್ದಾನೆ ಎಂದು ಬಾಯಲ್ಲಿ ಹೇಳುವ ಮಗುವಿಗೂ ರಾತ್ರಿ ಅದು ಖಾತ್ರಿಯಿರುವುದಿಲ್ಲ.

ಅಕ್ಟೋಬರಿನಲ್ಲಿ ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ಹೋಗಿ ಬಂದು ಕೊನೆಯ ಭೇಟಿಗೆ ಬಂದರು. ಚಿನ್ನು ಕುದುರೆಗಳು ಸುತ್ತುವ ಆಟದಲ್ಲಿ ಕೂತಿದ್ದಳು, ಮೇಲೆ ಕೆಳಗೆ ಆಗದ ಕುದುರೆಯನ್ನೇ ಹುಡುಕಿ. ಅಲ್ಲೂ ಒಂದು ತೂಗುವ ಹಡಗಿತ್ತು. ಬೇಲಿಯ ಹತ್ತಿರ ನಿಂತು ಚುರುಮುರಿ ತಿನ್ನುತ್ತ ಅದು ಎಷ್ಟು ಸಲ ತೂಗುತ್ತದೆ ಎಂದು ಎಣಿಸಿ, ಅಪ್ಪನಿಗೆ "ನೀ ಬೇಕಾದ್ರೆ ಹೋಗು, ನಾನು ಇಲ್ಲಿಂದ ಟಾಟಾ ಮಾಡ್ತೀನಿ" ಅಂದಳಂತೆ. ಅಪ್ಪ ಹೋದರು.

"ಅಪ್ಪ ವಾಪಸ್ ಟಾಟಾ ಮಾಡಿದ್ರಾ?" ಎಂದು ಕೇಳಿದೆ.

ಕ್ರೇಯಾನ್ ಡಬ್ಬಿಯಿಂದ ಕಪ್ಪು ಬಣ್ಣ ಆರಿಸುತ್ತ ತಲೆಯಾಡಿಸಿದಳು. "ಇಲ್ಲ. ಎರಡೂ ಕೈಯಲ್ಲಿ ಕಂಬಿ ಹಿಡ್ಕೊಂಡಿದ್ದ."