ತಾಯಿಯ ನೆನಪಿಗೆ 42 ಕಿಲೋಮೀಟರ್: ಆರು ತಿಂಗಳು ಸಾಕೇ?

ಪ್ರಶ್ನೆ: ನನಗೆ 43 ವರ್ಷ, ಪ್ರೌಢಶಾಲೆಯಲ್ಲಿ ಶಿಕ್ಷಕಿಯಾಗಿದ್ದೇನೆ. ಎರಡು ವರ್ಷಗಳ ಹಿಂದೆ ತಾಯಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ನೆನಪಿನಲ್ಲಿ ಬರುವ ಜನವರಿಯ ಮುಂಬೈ ಮ್ಯಾರಥಾನ್ ಓಡಿ, ಬಡ ಕ್ಯಾನ್ಸರ್ ರೋಗಿಗಳಿಗೆ ನೆರವಾಗುವ ಸಂಸ್ಥೆಯೊಂದಕ್ಕೆ ಎರಡು ಲಕ್ಷ ರೂಪಾಯಿ ಕೂಡಿಸಿ ಕೊಡಬೇಕೆಂದಿದ್ದೇನೆ. ವರ್ಷದಿಂದ ವಾರಕ್ಕೆ ಮೂರು ದಿನ ಓಡುತ್ತಿದ್ದು, 10 ಕಿ.ಮೀ. ನಿಲ್ಲದೆ ಓಡಬಲ್ಲೆ. ಮೆಟ್ಟಿಲು ಇಳಿಯುವಾಗ ಬಲ ಮೊಣಕಾಲು ಕೆಲವೊಮ್ಮೆ ನೋಯುತ್ತದೆ. ಹಲವರು ಈಗಾಗಲೇ ಹಣದ ಮಾತು ಕೊಟ್ಟಿರುವುದರಿಂದ ಹಿಂದೆ ಸರಿಯುವಂತಿಲ್ಲ. ಅಮೆರಿಕದಲ್ಲಿರುವ ತಮ್ಮನೂ ಕೊಡುತ್ತೇನೆ ಎನ್ನುತ್ತಾನೆ. ಆರು ತಿಂಗಳಲ್ಲಿ ತಯಾರಾಗಬಹುದೇ? ಹಣದ ವ್ಯವಹಾರ ಹೇಗಿರಬೇಕು?
– ಹೆಸರು ಬೇಡ, ಧಾರವಾಡ

ಉತ್ತರ: ವರ್ಷದ ಅಭ್ಯಾಸವಿರುವ ನಿಮಗೆ ಆರು ತಿಂಗಳು ಸಾಕು. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಚಿಂತೆಗೀಡುಮಾಡಿದ್ದು ಮೊಣಕಾಲಿನ ನೋವಿಗಿಂತ ‘ಹಿಂದೆ ಸರಿಯುವಂತಿಲ್ಲ’ ಎಂಬ ಮಾತು. ದೇಣಿಗೆಗಾಗಿ ಓಡುವವರು ಗಾಯವನ್ನು ಮುಚ್ಚಿಟ್ಟು ಓಡುವುದಕ್ಕೆ ಹೆಚ್ಚಿನ ವೇಳೆ ಕಾರಣವಾಗುವುದು ಇದೇ ಭಾವನೆ. ಜನ ಹಣ ಕೊಡುವುದು ರೋಗಿಗಳಿಗೆ; ನೀವು 42.195 ಕಿ.ಮೀ. ಮುಗಿಸಿದ್ದಕ್ಕೆ ಕೊಡುವ ಬಹುಮಾನ ಅದಲ್ಲ.

ಕೆನಡಾದ ಟೆರಿ ಫಾಕ್ಸ್ ಅವರನ್ನು ಇಲ್ಲಿ ನೆನೆಯಬೇಕು. ಮೂಳೆಯ ಕ್ಯಾನ್ಸರಿನಿಂದ 1977ರಲ್ಲಿ, ತಮ್ಮ 18ನೆಯ ವಯಸ್ಸಿನಲ್ಲಿ ಬಲಗಾಲನ್ನು ಕಳೆದುಕೊಂಡ ಅವರು, ವರ್ಷಕ್ಕೂ ಮೀರಿದ ಅಭ್ಯಾಸದ ನಂತರ 1980ರ ಏಪ್ರಿಲ್ 12ರಂದು ಕೃತಕ ಕಾಲಿನೊಂದಿಗೆ ದೇಶದ ಪೂರ್ವ ತೀರದಿಂದ ಹೊರಟು, ದಿನಕ್ಕೆ ಹೆಚ್ಚುಕಡಿಮೆ ಒಂದು ಮ್ಯಾರಥಾನಿನಷ್ಟು ದೂರ ಓಡುತ್ತ 143 ದಿನಗಳಲ್ಲಿ 5,373 ಕಿ.ಮೀ. ಕ್ರಮಿಸಿದರು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದರಿಂದ ಸೆಪ್ಟೆಂಬರ್ 1ರಂದು ಓಟ ನಿಂತಿತು. ಅಲ್ಲಿಯವರೆಗೆ ಕ್ಯಾನ್ಸರ್ ಸಂಶೋಧನೆಗಾಗಿ ಕೂಡಿದ್ದು ಸುಮಾರು 17 ಲಕ್ಷ ಡಾಲರ್. ಓಟ ನಿಂತು ಸುಮಾರು ಒಂದು ವಾರಕ್ಕೆ ದೂರದರ್ಶನ ವಾಹಿನಿಯೊಂದರ ಕಾರ್ಯಕ್ರಮದಲ್ಲಿಯೇ ಒಂದು ಕೋಟಿ ಡಾಲರಿಗೂ ಹೆಚ್ಚು ಹರಿದುಬಂದಿತು; 1981ರ ಫೆಬ್ರುವರಿಯ ಹೊತ್ತಿಗೆ ಮೊತ್ತವು ಅವರು ಬಯಸಿದ್ದಂತೆ ಕೆನಡಾದ ತಲೆಗೊಂದು ಡಾಲರ್, ಅಂದರೆ 2.4 ಕೋಟಿ ಮುಟ್ಟಿತು. ಓಟ ಪೂರ್ತಿಯಾಗಲಿಲ್ಲವೆಂದು ಯಾರೂ ಕೈ ಹಿಂದೆಗೆಯಲಿಲ್ಲ. ಆದ್ದರಿಂದ ದಾನಿಗಳಿಗೆ ಇಂದೇ ಸ್ಪಷ್ಟವಾಗಿ ಬರೆಯಿರಿ: ‘ನಾನು ಮ್ಯಾರಥಾನಿಗೆ ತಯಾರಾಗುತ್ತಿದ್ದೇನೆ, ದೇಹ ಒಪ್ಪದಿದ್ದರೆ ಓಡುವುದಿಲ್ಲ, ಹಣ ಮಾತ್ರ ರೋಗಿಗಳಿಗೆ ತಲಪುತ್ತದೆ.’

ಇನ್ನು ತರಬೇತಿ. ಮೊದಲ ಎಂಟು ವಾರ ವೇಗದ ಗೊಡವೆ ಬೇಡ. ವಾರಕ್ಕೆ ನಾಲ್ಕು ದಿನ, ಜೊತೆಗಾರರೊಡನೆ ಪೂರ್ಣ ವಾಕ್ಯದಲ್ಲಿ ಮಾತಾಡಲು ಸಾಧ್ಯವಾಗುವಷ್ಟು ನಿಧಾನವಾಗಿ ಓಡಿ. ಭಾನುವಾರದ ದೀರ್ಘ ಓಟವನ್ನು 10ರಿಂದ 16 ಕಿ.ಮೀ.ಗೆ ಮೆಲ್ಲಗೆ ಏರಿಸಿ. ಪ್ರತಿ ನಾಲ್ಕನೆಯ ವಾರ ದೂರವನ್ನು ತಗ್ಗಿಸಿ, ಏಕೆಂದರೆ ಉಸಿರು ಪಳಗುವಷ್ಟು ಬೇಗ ಸ್ನಾಯುರಜ್ಜು ಮತ್ತು ಮೂಳೆಗಳು ಪಳಗುವುದಿಲ್ಲ. ನಂತರದ ತಿಂಗಳುಗಳಲ್ಲಿ ಅದೇ ಓಟವನ್ನು 30 ಕಿ.ಮೀ.ವರೆಗೆ ಒಯ್ದು, ಸ್ಪರ್ಧೆಗೆ ಮೂರು ವಾರವಿರುವಾಗ ನಿಲ್ಲಿಸಿ, ಅಲ್ಲಿಂದ ಮುಂದೆ ಓಟವನ್ನು ಇಳಿಸುತ್ತ ಬನ್ನಿ. ಅಭ್ಯಾಸದಲ್ಲಿ 42 ಓಡುವ ಅಗತ್ಯವಿಲ್ಲ. ಅದರ ದಣಿವು ಆರಲು ಹಿಡಿಯುವ ವಾರಗಳು ಲಾಭಕ್ಕಿಂತ ಹೆಚ್ಚಿನ ನಷ್ಟ. ಡಿಸೆಂಬರ್ ಕೊನೆಯೊಳಗೆ 30 ಕಿ.ಮೀ. ನೆಮ್ಮದಿಯಿಂದ ಆಗದಿದ್ದರೆ ಈ ವರ್ಷದ ಪೂರ್ಣ ಮ್ಯಾರಥಾನನ್ನು ಬಿಟ್ಟುಬಿಡಿ.

ಮೆಟ್ಟಿಲು ಇಳಿಯುವಾಗ ಬರುವ ನೋವು ಹೆಚ್ಚಾಗಿ ಮಂಡಿಚಿಪ್ಪಿನ ಹಿಂಭಾಗದ್ದು. ತೊಡೆ ಮತ್ತು ಸೊಂಟದ ಸ್ನಾಯುಗಳು ಬಲವಾದರೆ ಬಹುಪಾಲು ತಗ್ಗುತ್ತದೆ. ಫಿಸಿಯೋಥೆರಪಿಸ್ಟ್ ಒಬ್ಬರಿಗೆ ಒಮ್ಮೆ ತೋರಿಸಿ, ಅವರು ಹೇಳಿಕೊಡುವ ವ್ಯಾಯಾಮವನ್ನು ವಾರಕ್ಕೆರಡು ದಿನ ಬಿಡದೆ ಮಾಡಿ. ಕರ್ನಾಟಕ ವಿಶ್ವವಿದ್ಯಾಲಯದ ಆವರಣದ ಏರುಗಳು ನಿಮಗೆ ವರವೇ ಆಗಿವೆ, ಏಕೆಂದರೆ ಮುಂಬೈ ಓಟದ ಕೊನೆಯ ಭಾಗದಲ್ಲಿ, ಕಾಲು ಸೋತಿರುವ ಹೊತ್ತಿಗೆ ಪೆಡ್ಡರ್ ರಸ್ತೆಯ ಏರು ಬರುತ್ತದೆ; ಆದರೆ ಇಳಿಜಾರಿನಲ್ಲಿ ಸದ್ಯಕ್ಕೆ ನಡೆಯಿರಿ. ನೋವಿನಿಂದ ಓಟದ ಶೈಲಿ ಬದಲಾಗುತ್ತಿದ್ದರೆ ಅಥವಾ ಅದು ಮರುದಿನ ಬೆಳಿಗ್ಗೆಯೂ ಉಳಿದಿದ್ದರೆ ಆ ವಾರ ಓಟವಿಲ್ಲ.

ಮುಂಬೈಯ ತೇವದ ಗಾಳಿ ಧಾರವಾಡದವರಿಗೆ ಹೊಸದು, ಹಾಗಾಗಿ ಗುರಿಯ ವೇಗವನ್ನು ಮೊದಲೇ ತಗ್ಗಿಸಿಕೊಳ್ಳಿ. ದೇಹದಲ್ಲಿ ಸಂಗ್ರಹವಾದ ಸಕ್ಕರೆ ಸಾಮಾನ್ಯವಾಗಿ 30 ಕಿ.ಮೀ. ಆಸುಪಾಸಿನಲ್ಲಿ ಬರಿದಾಗುವುದರಿಂದ, ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ತೆಗೆದುಕೊಳ್ಳುವುದನ್ನು ದೀರ್ಘ ಓಟಗಳಲ್ಲೇ ರೂಢಿಸಿಕೊಳ್ಳಿ. ಒಂದು ಸಾಧಾರಣ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಹಿಂದಿನ ರಾತ್ರಿ ಜೋಳದ ರೊಟ್ಟಿ, ಕಾಳುಪಲ್ಯ ಬೇಡ. ನಾರು ಕಡಿಮೆಯಿರುವ ಅನ್ನವೇ ಹಿತ. ಬಾಯಾರಿದಷ್ಟೇ ಕುಡಿಯಿರಿ, ಬರೀ ನೀರನ್ನು ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು.

ಹಣದ ವಿಷಯದಲ್ಲಿ ಒಂದೇ ನಿಯಮ: ಅದು ನಿಮ್ಮ ಖಾತೆಗೆ, ನಿಮ್ಮ ಫೋನಿನ ಯುಪಿಐಗೆ ಬರಬಾರದು, ನೇರವಾಗಿ ಸಂಸ್ಥೆಯ ಖಾತೆಗೆ ಹೋಗಬೇಕು, ರಸೀದಿ ದಾನಿಯ ಹೆಸರಿನಲ್ಲಿ ಬರಬೇಕು. ಆದಾಯ ತೆರಿಗೆಯ ರಿಯಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ಸಿಗುತ್ತದೆ, 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಸಿಗುವುದಿಲ್ಲ. ನಿಮ್ಮ ತಮ್ಮ ಇನ್ನೂ ಭಾರತದ ಪೌರರಾಗಿದ್ದರೆ ಅವರ ಉಳಿತಾಯದ ಹಣವನ್ನು ವಿದೇಶಿ ದೇಣಿಗೆಯೆಂದು ಎಣಿಸುವುದಿಲ್ಲ. ಅಮೆರಿಕದ ಪೌರತ್ವ ಪಡೆದಿದ್ದರೆ, ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿಯಿರುವ ಸಂಸ್ಥೆಗೆ ಮಾತ್ರ, ಅದೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿರುವ ಅದರ ನಿಗದಿತ ಖಾತೆಯ ಮೂಲಕವೇ ಕೊಡಬೇಕಾಗುತ್ತದೆ. ಸಂಸ್ಥೆಯನ್ನು ಆರಿಸುವಾಗ ಔಷಧದಾಚೆಗೂ ನೋಡಿ. ಉತ್ತರ ಕರ್ನಾಟಕದಿಂದ ಬೆಂಗಳೂರಿನ ಕಿದ್ವಾಯಿಗೋ ಮುಂಬೈಯ ಟಾಟಾ ಆಸ್ಪತ್ರೆಗೋ ಹೋಗುವ ಕುಟುಂಬಗಳನ್ನು ವಸತಿ, ಊಟ, ತಪ್ಪಿದ ಕೂಲಿಗಳೇ ಹಣ್ಣಾಗಿಸುತ್ತವೆ. ಚಿಕಿತ್ಸೆಗೆ ಬಂದ ಮಕ್ಕಳ ಕುಟುಂಬಗಳಿಗೆ ಉಚಿತ ವಸತಿ ಕೊಡುವ ಸೇಂಟ್ ಜೂಡ್ ಇಂಡಿಯಾದಂಥ ಕೆಲಸಕ್ಕೆ ಎರಡು ಲಕ್ಷ ದೊಡ್ಡ ಹಣ.

ಕೊನೆಯದಾಗಿ, ನೀವು ಕೇಳದ ಒಂದು ಮಾತು. ತರಬೇತಿಗೆ ಮುನ್ನ ಹೃದಯ ಮತ್ತು ಹಿಮೋಗ್ಲೋಬಿನ್ ಪರೀಕ್ಷೆಗೆಂದು ವೈದ್ಯರ ಬಳಿ ಹೋಗುತ್ತೀರಲ್ಲ, ಅಂದೇ ನಿಮ್ಮ ತಾಯಿಗೆ ಸ್ತನ ಕ್ಯಾನ್ಸರ್ ಇತ್ತೆಂದೂ ಯಾವ ವಯಸ್ಸಿನಲ್ಲಿ ಪತ್ತೆಯಾಯಿತೆಂದೂ ತಪ್ಪದೆ ಹೇಳಿ, ನಿಮಗೆ ಮ್ಯಾಮೋಗ್ರಾಂ ಯಾವಾಗಿನಿಂದ, ಎಷ್ಟು ವರ್ಷಕ್ಕೊಮ್ಮೆ ಬೇಕೆಂದು ಕೇಳಿಕೊಂಡು ಬನ್ನಿ.