ಸೋಲುತ್ತಿರುವ ಕಾಲೇಜು ಫುಟ್‌ಬಾಲ್ ತಂಡಕ್ಕೆ ಹೊಸ ಹೆಡ್ ಕೋಚ್: ಹೆಸರಾಂತ ಹಳಬರೋ, ಯುವ ಕೋಆರ್ಡಿನೇಟರೋ?

ಹೆಡ್ ಕೋಚ್ ಅವರನ್ನು ತೆಗೆದುಹಾಕಿದ ಮರುವಾರವೇ ಅಧ್ಯಾಪಕರ ಪ್ರತಿನಿಧಿಯಾಗಿ ನಿಮ್ಮನ್ನು ಆಯ್ಕೆ ಸಮಿತಿಗೆ ಹಾಕಿದ್ದಾರೆ, ಹೆಸರಾಂತ ಹಳೆಯ ಹೆಡ್ ಕೋಚ್ ಅವರನ್ನು ತರುವುದೋ, ಬೇರೆ ತಂಡದ ಯುವ ಕೋಆರ್ಡಿನೇಟರನ್ನೋ ಎಂದು ಸಮಿತಿ ತೂಗಾಡುತ್ತಿದೆ ಎಂದು ಬರೆದಿದ್ದೀರಿ. 2022ರ ನವೆಂಬರಿನಲ್ಲಿ ಅದೇ ಕುರ್ಚಿಯಲ್ಲಿ ನಾನು ಕುಳಿತಿದ್ದೆ. ದಾವಣಗೆರೆಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿಕೊಂಡು ಬೆಳೆದು, ಅಮೆರಿಕದ ಮಧ್ಯಪಶ್ಚಿಮದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿರುವ ನನಗೆ, ಕಾಲಿಗಿಂತ ಕೈಯಲ್ಲೇ ಹೆಚ್ಚು ಆಡುವ ಈ ಫುಟ್‌ಬಾಲ್ ಅರ್ಥವಾಗಲು ಹತ್ತು ವರ್ಷ ಹಿಡಿದಿತ್ತು. ಅರ್ಥವಾಗಿದೆ ಎಂದುಕೊಂಡಿದ್ದೇ ಅನರ್ಥಕ್ಕೆ ಕಾರಣವಾಯಿತು.

ನಮಗೆ ಒಪ್ಪಿಗೆಯಾದವರು ದೊಡ್ಡ ವಿಶ್ವವಿದ್ಯಾಲಯವೊಂದರ ಆಫೆನ್ಸಿವ್ ಕೋಆರ್ಡಿನೇಟರ್, ಅಂದರೆ ಹೆಡ್ ಕೋಚ್ ಕೈಕೆಳಗೆ ತಂಡದ ಆಕ್ರಮಣದ ಆಟವನ್ನು ನಡೆಸುವವರು. ಅವರ ತಂಡ ರಾಶಿ ರಾಶಿ ಅಂಕ ಗಳಿಸುತ್ತಿತ್ತು, ಸಂದರ್ಶನದಲ್ಲಿ ಅವರ ಮಾತೂ ಸೊಗಸಾಗಿತ್ತು. ಇನ್ನೊಂದು ವಿಶ್ವವಿದ್ಯಾಲಯವೂ ಅವರ ಬೆನ್ನು ಹತ್ತಿದೆ ಎಂಬ ಸುದ್ದಿ ಬಂದ ಸಂಜೆ, ಸಂಬಳ ಏರಿಸದಿದ್ದರೆ ಕೈತಪ್ಪಿ ಹೋಗುತ್ತಾರೆ ಎಂದು ನಮ್ಮ ಕ್ರೀಡಾ ವಿಭಾಗದ ಮುಖ್ಯಸ್ಥರಾದ ಅಥ್ಲೆಟಿಕ್ ಡೈರೆಕ್ಟರ್ ಗಾಬರಿಯಾದರು. ಲೆಕ್ಕದ ಮೇಷ್ಟ್ರು ಇದ್ದಾರಲ್ಲ ಎಂದು ಎಲ್ಲರೂ ನನ್ನತ್ತ ತಿರುಗಿದರು. ಸಹಾಯಕ ಕೋಚ್‌ಗಳ ಸಂಬಳಕ್ಕೆ ಮೀಸಲಿಟ್ಟಿದ್ದ ಮೊತ್ತದಲ್ಲಿ ಒಂದು ಪಾಲನ್ನು ಹೆಡ್ ಕೋಚ್ ಸಂಬಳಕ್ಕೆ ವರ್ಗಾಯಿಸಿದರೆ ಒಟ್ಟು ಬಜೆಟ್ ಮೀರುವುದಿಲ್ಲ ಎಂದು ಅರ್ಧ ಗಂಟೆಯಲ್ಲಿ ಕೋಷ್ಟಕ ಬರೆದು ತೋರಿಸಿದವನು ನಾನೇ. ಎಲ್ಲರೂ ಬೆನ್ನು ತಟ್ಟಿದರು.

ಈ ತಪ್ಪನ್ನು ಬಿಡಿಸಿಯೇ ಹೇಳಬೇಕು, ಏಕೆಂದರೆ ಮೇಲ್ನೋಟಕ್ಕೆ ಅದು ತಪ್ಪಿನಂತೆ ಕಾಣುವುದಿಲ್ಲ. ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎಯ ಆಗಿನ ನಿಯಮದಂತೆ ಹೆಡ್ ಕೋಚ್ ಜೊತೆಗೆ ಮೈದಾನದಲ್ಲಿ ತರಬೇತಿ ಕೊಡಲು 10 ಸಹಾಯಕರಿಗೆ ಅವಕಾಶವಿತ್ತು. ಹುಡುಗರ ಜೊತೆ ದಿನವಿಡೀ ಇರುವವರು, ಅವರ ತಾಯಂದಿರ ಫೋನ್ ಎತ್ತುವವರು, ಹೈಸ್ಕೂಲುಗಳನ್ನು ಸುತ್ತಿ ಆಟಗಾರರನ್ನು ಕರೆತರುವವರು ಬಹುಮಟ್ಟಿಗೆ ಈ ಹತ್ತು ಮಂದಿ. ಅವರಲ್ಲಿ ನಮ್ಮ ಆಫೆನ್ಸಿವ್ ಲೈನ್ ಕೋಚ್ ಒಬ್ಬರು. ಚೆಂಡನ್ನು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಮುಂದೆ ಗೋಡೆಯಂತೆ ನಿಲ್ಲುವ ಐವರನ್ನು ತಯಾರು ಮಾಡುವುದು ಅವರ ಕೆಲಸ. ಹದಿನೆಂಟರ ಹುಡುಗನೊಬ್ಬ ತಿಂದು, ಭಾರ ಎತ್ತಿ, ಪಾದದ ಚಲನೆ ಕಲಿತು ಆ ಸಾಲಿನಲ್ಲಿ ನಿಲ್ಲುವಷ್ಟಾಗಲು ಸಾಮಾನ್ಯವಾಗಿ ಎರಡು ಮೂರು ವರ್ಷ ಬೇಕು. ಚೆಂಡನ್ನು ಹಿಂದಕ್ಕೆ ಕೊಡುವ ಸೆಂಟರ್ ಹೊರತು ಉಳಿದವರು ಚೆಂಡು ಮುಟ್ಟುವುದೇ ಅಪರೂಪವಾದ್ದರಿಂದ, ನಾನು ಓದುತ್ತಿದ್ದ ಅಂಕಿಅಂಶಗಳ ಪಟ್ಟಿಯಲ್ಲಿ ಟಚ್‌ಡೌನಿಗೆ, ಗಜಗಳಿಗೆ, ಪಾಸುಗಳಿಗೆ ಕಾಲಂಗಳಿದ್ದವೇ ಹೊರತು ಇವರಿಗೆ ಒಂದೂ ಇರಲಿಲ್ಲ. ಕಾಲಂ ಇಲ್ಲದ್ದನ್ನು ನಾನು ಸೊನ್ನೆ ಎಂದು ಓದಿದೆ. ಮೊದಲ ವರ್ಷದ ವಿದ್ಯಾರ್ಥಿ ಹೀಗೆ ಮಾಡಿದ್ದರೆ ಅಂಕ ಕಳೆಯುತ್ತಿದ್ದೆ.

ಹೊಸ ಹೆಡ್ ಕೋಚ್ ಈ ಲೈನ್ ಕೋಚ್ ಅವರನ್ನು ಉಳಿಸಿಕೊಳ್ಳಲು ಬಯಸಿದ್ದರು. ಜನವರಿಯಲ್ಲಿ ಬೇರೊಂದು ವಿಶ್ವವಿದ್ಯಾಲಯ ಹೆಚ್ಚು ಸಂಬಳ ಕೊಡಲು ಮುಂದಾದಾಗ ಅದಕ್ಕೆ ಸಮನಾಗಿ ಕೊಡಲು ನಮ್ಮಲ್ಲಿ ಹಣವಿರಲಿಲ್ಲ, ಏಕೆಂದರೆ ಆ ಹಣ ನನ್ನ ಕೋಷ್ಟಕದಲ್ಲಿ ಮೇಲಿನ ಸಾಲಿಗೆ ಹೋಗಿತ್ತು. ಅಡುಗೆ ಭಟ್ಟರಿಗೆ ಕೈತುಂಬ ಮುಂಗಡ ಕೊಟ್ಟು, ಕಾಯಿ ತುರಿಯುವವರಿಗೆ ದುಡ್ಡಿಲ್ಲ ಎಂದ ಮದುವೆ ಮನೆಯ ಕಥೆಯಾಯಿತು ನಮ್ಮದು. ಅವರು ಹೋದರು. ವಸಂತದಲ್ಲಿ, ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಬಯಸುವ ಆಟಗಾರರು ಹೆಸರು ಕೊಡುವ ಟ್ರಾನ್ಸ್‌ಫರ್ ಪೋರ್ಟಲ್ ತೆರೆದಾಗ ಲೈನಿನ ಐವರಲ್ಲಿ ಮೂವರು ಹೆಸರು ನೋಂದಾಯಿಸಿಕೊಂಡು ಹೊರಟರು. ಆ ಲೈನ್ ಕೋಚ್ ಅವರನ್ನು ನಂಬಿ ನಮಗೆ ಮಾತು ಕೊಟ್ಟಿದ್ದ ಹೈಸ್ಕೂಲು ಹುಡುಗರೂ ಬೇರೆ ದಾರಿ ಹಿಡಿದರು. ನಾಲ್ಕನೆಯ ಪಂದ್ಯದಲ್ಲಿ ನಮ್ಮ ಕ್ವಾರ್ಟರ್‌ಬ್ಯಾಕ್ ಭುಜ ಮುರಿದುಕೊಂಡ. ಅಷ್ಟೊಂದು ಅಂಕ ಗಳಿಸುತ್ತಾರೆಂದು ಕರೆತಂದ ಕೋಚ್ ಅವರ ಯೋಜನೆಗಳು ಕಪ್ಪು ಹಲಗೆಯ ಮೇಲೆಯೇ ಉಳಿದವು. 2024ರ ನವೆಂಬರಿನಲ್ಲಿ ಅವರನ್ನೂ ತೆಗೆದೆವು, ಒಪ್ಪಂದದ ಉಳಿದ ಮೂರು ವರ್ಷಗಳಿಗೆ ಬೈಔಟ್, ಅಂದರೆ ಪರಿಹಾರದ ಹಣ, ಕೊಟ್ಟೆವು. ಸಹಾಯಕರ ಪಾಲಿನಲ್ಲಿ ನಾನು ಉಳಿಸಿಕೊಟ್ಟದ್ದು ಅದರ ಮುಂದೆ ಚಿಲ್ಲರೆ.

ಆದ್ದರಿಂದ ಹಳಬರೋ ಹೊಸಬರೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ (ಎಲ್‌ಎಸ್‌ಯು) ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಕೋಚ್ ಲೆಸ್ ಮೈಲ್ಸ್ ಅವರನ್ನು ಕ್ಯಾನ್ಸಸ್ ವಿಶ್ವವಿದ್ಯಾಲಯ ಕರೆತಂದಾಗ ಎರಡು ಋತುಗಳಲ್ಲಿ ಬಂದದ್ದು 3 ಗೆಲುವು, 18 ಸೋಲು. ಸ್ಕಾಟ್ ಫ್ರಾಸ್ಟ್ ಯುವಕರೂ ಹೌದು, ಹೆಸರಾಂತರೂ ಹೌದು, ನೆಬ್ರಾಸ್ಕಾದ ಮನೆಮಗನೂ ಹೌದು. ಸೆಂಟ್ರಲ್ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ (ಯುಸಿಎಫ್) 2017ರ 13 ಪಂದ್ಯಗಳನ್ನೂ ಗೆದ್ದು ಬಂದವರು ತವರಿನಲ್ಲಿ 16 ಗೆದ್ದು 31 ಸೋತರು. ಅಕ್ಟೋಬರ್ 1ರವರೆಗೆ ಕಾದಿದ್ದರೆ ಬೈಔಟ್ ಅರ್ಧಕ್ಕೆ ಇಳಿಯುತ್ತಿತ್ತು, ಆದರೂ ತಾಳಲಾರದೆ 2022ರ ಸೆಪ್ಟೆಂಬರಿನಲ್ಲೇ ಅವರನ್ನು ಕಳಿಸಿದರು.

ಇನ್ನೊಂದು ಕಡೆ ನೋಡಿ. ಮೈಲ್ಸ್ ಹೋದ ಮೇಲೆ 2021ರ ಏಪ್ರಿಲ್ ಕೊನೆಯಲ್ಲಿ, ಅಂದರೆ ಎಲ್ಲರೂ ತಡವಾಯಿತು ಎನ್ನುವ ಹೊತ್ತಿನಲ್ಲಿ, ಕ್ಯಾನ್ಸಸ್ ಬಫಲೋದಿಂದ ಲ್ಯಾನ್ಸ್ ಲೈಪೋಲ್ಡ್ ಅವರನ್ನು ಕರೆತಂದಿತು. ಎನ್‌ಸಿಎಎಯ ಮೂರನೇ ವಿಭಾಗದಲ್ಲಿ (ಡಿವಿಷನ್ 3) ಆಡುವ ವಿಸ್ಕಾನ್ಸಿನ್-ವೈಟ್‌ವಾಟರಿನಲ್ಲಿ ಆರು ಚಾಂಪಿಯನ್‌ಷಿಪ್ ಗೆದ್ದಿದ್ದ ಅವರು ಒಬ್ಬರೇ ಬರಲಿಲ್ಲ, ಅಲ್ಲಿಂದಲೂ ಜೊತೆಗಿದ್ದ ಇಬ್ಬರು ಕೋಆರ್ಡಿನೇಟರ್‌ಗಳನ್ನು ಕರೆದುಕೊಂಡೇ ಬಂದರು. 2023ರಲ್ಲಿ ಕ್ಯಾನ್ಸಸ್ 9 ಪಂದ್ಯ ಗೆದ್ದಿತು. ಇಂಡಿಯಾನಾಗೆ 2023ರ ಕೊನೆಯಲ್ಲಿ ಬಂದ ಕರ್ಟ್ ಸಿಗ್ನೆಟ್ಟಿ ಕೂಡ ಜೇಮ್ಸ್ ಮ್ಯಾಡಿಸನ್‌ನಿಂದ ಆಕ್ರಮಣ, ರಕ್ಷಣೆ ಎರಡೂ ಕಡೆಯ ಕೋಆರ್ಡಿನೇಟರ್‌ಗಳನ್ನೂ ಹತ್ತಕ್ಕೂ ಹೆಚ್ಚು ಆಟಗಾರರನ್ನೂ ತಂದರು. ಹಿಂದಿನ ವರ್ಷ 3 ಗೆದ್ದು 9 ಸೋತಿದ್ದ ತಂಡ ಮರುವರ್ಷ 11 ಗೆದ್ದಿತು. ಚಿಕ್ಕ ಊರಿನಲ್ಲಾದರೂ ಹೆಡ್ ಕೋಚ್ ಆಗಿ ಗೆದ್ದವರೇ ಬೇಕು ಎಂಬುದು ನನ್ನ ಹಟ. ಆದರೆ 1989ರಿಂದ ಅದೇ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯ ಕ್ಯಾನ್ಸಸ್ ಸ್ಟೇಟನ್ನು ಪಾತಾಳದಿಂದ ಎತ್ತಿದ ಬಿಲ್ ಸ್ನೈಡರ್, ಅಯೋವಾದ ಕೋಆರ್ಡಿನೇಟರ್ ಹುದ್ದೆಯಿಂದ ಬಂದು ನನ್ನ ಹಟವನ್ನು ಸುಳ್ಳು ಮಾಡುತ್ತಾರೆ. ಮುಂದೆ ತಾವೇ ಹೆಸರಾಂತ ಹೆಡ್ ಕೋಚ್ ಆದ ಬಾಬ್ ಸ್ಟೂಪ್ಸ್‌ರಂಥವರು ಸಹಾಯಕರಾಗಿ ಅವರ ಕೈಕೆಳಗೆ ಇದ್ದರು ಎಂಬುದಷ್ಟೇ ನನಗೆ ಸಮಾಧಾನ.

ಅಭ್ಯರ್ಥಿಗಳನ್ನು ಹುಡುಕಿಕೊಡುವ ಸಂಸ್ಥೆಗೆ ಹಣ ಸುರಿಯುವುದು ನನಗೆ ದಂಡವೆನಿಸುತ್ತದೆ. ಸಂದರ್ಶನದಲ್ಲಿ ಅಭ್ಯರ್ಥಿಗಳ ಆಟದ ತತ್ವವನ್ನು ಕೇಳಬೇಡಿ, ಎಲ್ಲರದೂ ಒಂದೇ ಉತ್ತರ. ಯಾರ್ಯಾರನ್ನು ಕರೆತರುತ್ತೀರಿ, ಅವರು ಒಪ್ಪಿದ್ದಾರೆಯೇ, ಇಲ್ಲಿರುವವರಲ್ಲಿ ಯಾರನ್ನು ಉಳಿಸಿಕೊಳ್ಳುತ್ತೀರಿ ಎಂದು ಹೆಸರು ಹಿಡಿದು ಕೇಳಿ. ಸಹಾಯಕರ ಮೊತ್ತವನ್ನು ಯಾರೂ ಮುಟ್ಟದಂತೆ ಮೊದಲ ಸಭೆಯಲ್ಲೇ ಬರವಣಿಗೆಯಲ್ಲಿ ಹಾಕಿಸಿ.

ನಿಮ್ಮ ಮೊದಲ ಸಭೆ ಮುಂದಿನ ವಾರ ಎಂದಿದ್ದೀರಿ. ಅದಕ್ಕೂ ಮೊದಲು ನಿಮ್ಮ ಲೈನ್ ಕೋಚ್ ಜೊತೆ ಒಂದು ಲೋಟ ಕಾಫಿ ಕುಡಿಯಿರಿ. ನಮ್ಮವರ ಜೊತೆ ನಾನು ಮೊದಲ ಸಲ ಮಾತನಾಡಿದ್ದು ಅವರು ಕೊಠಡಿ ಖಾಲಿ ಮಾಡುತ್ತಿದ್ದಾಗ, ರಟ್ಟಿನ ಪೆಟ್ಟಿಗೆಯೊಂದರ ಇನ್ನೊಂದು ತುದಿಯನ್ನು ಹಿಡಿದುಕೊಂಡು.